ದೋಣಿಯ ವರ್ಷ ಜೂನ್ 1ಕ್ಕೆ ಶುರು: ಮನೆಯವರೇ ನಡೆಸುವ ಟ್ರಾಲ್ ಬೋಟಿನ ಹನ್ನೆರಡು ತಿಂಗಳು

ಎಲ್ಲರಿಗೂ ನಮಸ್ಕಾರ.

ಆಗಸ್ಟ್ ಮೊದಲ ವಾರದಲ್ಲಿ ಮಲ್ಪೆ ಬಂದರಿಗೆ ಬಂದವರು ಬಣ್ಣ ಬಳಿದ ದೋಣಿ, ಹೂವಿನ ಹಾರ, ಐಸ್ ಲಾರಿಗಳ ಸಾಲು ನೋಡಿ ಮೀನುಗಾರಿಕೆಯ ವರ್ಷ ಇವತ್ತೇ ಶುರುವಾಯಿತು ಅಂದುಕೊಳ್ಳುತ್ತಾರೆ. ದೋಣಿ ಇಟ್ಟುಕೊಂಡ ಮನೆಗೆ ವರ್ಷ ಶುರುವಾಗುವುದು ಜೂನ್ 1ಕ್ಕೆ, ದೋಣಿ ದಡಕ್ಕೆ ಬಂದು ನಿಂತ ದಿನ. ಮುಂದಿನ ಹತ್ತು ತಿಂಗಳು ದುಡ್ಡು ಉಳಿಯುತ್ತದೋ ಇಲ್ಲವೋ ಎನ್ನುವುದರ ಅರ್ಧ ಭಾಗ ಆ ಎರಡು ತಿಂಗಳಲ್ಲೇ ತೀರ್ಮಾನವಾಗಿರುತ್ತದೆ. ಇವತ್ತಿನ ಮಾತೆಲ್ಲ ಆ ತೀರ್ಮಾನದ ಸುತ್ತಲೇ ಇದೆ.

ಯಾವ ದೋಣಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಮೊದಲೇ ಹೇಳಿಬಿಡಬೇಕು. ಹತ್ತು ಹನ್ನೆರಡು ದಿನ ಆಳಸಮುದ್ರದಲ್ಲಿ ಇರುವ, 350 ಅಶ್ವಶಕ್ತಿಯ ದೊಡ್ಡ ಬೋಟಲ್ಲ. ಮೂವತ್ತು ನಲವತ್ತು ಜನ ಬೇಕಾಗುವ, ಮೀನಿನ ಹಿಂಡಿಗೆ ಸುತ್ತ ಬಲೆ ಹಾಕುವ ಪರ್ಸಿನ್ ಬೋಟೂ ಅಲ್ಲ. ಸುಮಾರು 50 ಅಡಿ ಉದ್ದದ, ಆರು ಸಿಲಿಂಡರಿನ 120 ಅಶ್ವಶಕ್ತಿಯ ಎಂಜಿನ್ ಇರುವ, ನಾಲ್ಕೈದು ದಿನಕ್ಕೊಮ್ಮೆ ಬಂದರಿಗೆ ಬರುವ ಟ್ರಾಲ್ ಬೋಟು, ಅಂದರೆ ಕಡಲ ತಳದಲ್ಲಿ ಚೀಲದಂಥ ಬಲೆ ಎಳೆಯುವ ದೋಣಿ. ಅಣ್ಣ ತಾಂಡೇಲ, ಅಂದರೆ ದೋಣಿ ನಡೆಸುವವನು, ತಮ್ಮ ಎಂಜಿನ್ ನೋಡಿಕೊಳ್ಳುವವನು, ಬಲೆ ಎಳೆಯಲು ಮೂರು ನಾಲ್ಕು ಕಲಾಸಿಗಳು. ಏಲಂ ಕಟ್ಟೆಯ ವ್ಯವಹಾರ ಮತ್ತು ಲೆಕ್ಕದ ಪುಸ್ತಕ ಮನೆಯ ಹೆಂಗಸರ ಕೈಯಲ್ಲಿ. ಮಂಗಳೂರಿನಿಂದ ಕಾರವಾರದ ತನಕ ಇಂಥ ದೋಣಿಗಳಿವೆ. ಒಂದು ಕೆಟ್ಟ ವರ್ಷ ಬಂದರೆ ದೊಡ್ಡ ಬೋಟಿಗಿಂತ ಮೊದಲು ಸಾಲಕ್ಕೆ ಬೀಳುವುದೂ ಇವೇ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ಅವಕಾಶವಿದೆ. ಕಡಲು ಕದಡಿ ತೂಫಾನ್ ಎದ್ದು ಇಳಿದ ಮೇಲೆ ಸಿಗಡಿ ದಡದ ಹತ್ತಿರ ಬರುವುದನ್ನೇ ಅವರು ಕಾಯುತ್ತಿರುತ್ತಾರೆ. ನಿಷೇಧ ಮುರಿದ ದೋಣಿಗೆ ದಂಡದ ಜೊತೆಗೆ ತೆರಿಗೆ ವಿನಾಯಿತಿಯ ಡೀಸೆಲ್ ಕೂಡ ಕೈತಪ್ಪುತ್ತದೆ. ಆ ಡೀಸೆಲ್ ಇಲ್ಲದೆ ಟ್ರಾಲ್ ಬೋಟು ನಡೆಸುವುದು ಆಗದ ಮಾತು.

ಜೂನ್‌ನಲ್ಲಿ ದೋಣಿ ಮೇಲೆಳೆದ ಕೂಡಲೇ ಅಡಿಭಾಗ ನೋಡಬೇಕು, ಒಣಗಿದ ಮೇಲೆ ಅಲ್ಲ. ಹತ್ತು ತಿಂಗಳಲ್ಲಿ ತಳಕ್ಕೆ ಚಿಪ್ಪು, ಪಾಚಿ ಹಿಡಿದಿರುತ್ತದೆ. ಹಸಿಯಾಗಿದ್ದಾಗ ಕೆರೆದರೆ ಸುಲಭವಾಗಿ ಬಿಡುತ್ತದೆ, ಎರಡು ದಿನ ಬಿಸಿಲು ಕಂಡರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಮರದ ದೋಣಿಯಾದರೆ ಕೆರೆದ ಮೇಲೆ ಪ್ರತಿ ಹಲಗೆಯನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ, ಹುಳು ಕೊರೆದ ಮರ ಮಂಕಾಗಿ ಸದ್ದು ಮಾಡುತ್ತದೆ. ಮರ ಕೊರೆಯುವ ಹುಳು ಹೊರಗಿನಿಂದ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಬೆರಳು ಗಾತ್ರದ ಸುರಂಗ ತೋಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಲಗೆಗಳ ಸಂಧಿಯಲ್ಲಿ ಹಳೆಯ ಹತ್ತಿ ಸಡಿಲವಾಗಿದ್ದರೆ ಕಿತ್ತು ಹೊಸದಾಗಿ ತುರುಕಿ ಮೇಲೆ ಮೆತ್ತಬೇಕು. ಫೈಬರ್ ಹೊದಿಸಿದ ದೋಣಿಯಲ್ಲಿ ಗುಳ್ಳೆ ಎದ್ದಿದೆಯೇ ನೋಡಬೇಕು. ಗುಳ್ಳೆ ಇದ್ದ ಕಡೆ ನೀರು ಒಳಗೆ ಹೋಗಿದೆ ಎಂದೇ ಅರ್ಥ. ಅದನ್ನು ಬಿಡಿಸಿ, ಪೂರ್ತಿ ಒಣಗಿಸಿ, ಆಮೇಲೆ ಹೊಸ ಪದರ. ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟದ ಕೆಲಸ. ಅವಸರ ಮಾಡಿ ಒದ್ದೆ ಮರದ ಮೇಲೆ ಫೈಬರ್ ಹೊದಿಸಿದರೆ ಒಳಗಿನಿಂದ ಕೊಳೆಯಲು ಶುರುವಾಗುತ್ತದೆ.

ಹಿಂಭಾಗಕ್ಕೆ ಬನ್ನಿ. ಫ್ಯಾನಿನ, ಅಂದರೆ ಪ್ರೊಪೆಲರಿನ, ಎಲೆ ಬಾಗಿದೆಯೇ, ಅಂಚು ಹರಿದಿದೆಯೇ ನೋಡಿ. ಒಂದು ಎಲೆ ಸ್ವಲ್ಪ ಬಾಗಿದರೂ ಇಡೀ ಶಾಫ್ಟ್ ಅದುರುತ್ತದೆ, ಅದುರಿದ ಶಾಫ್ಟ್ ಬೇರಿಂಗನ್ನು ತಿನ್ನುತ್ತದೆ. ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಬೇರಿಂಗಿನಲ್ಲಿ ಸಡಿಲು ಸಿಕ್ಕರೆ ಈಗಲೇ ಬದಲಾಯಿಸಿ, ನಡುಕಡಲಿನಲ್ಲಿ ಅದಕ್ಕೆ ಉಪಾಯವಿಲ್ಲ. ಶಾಫ್ಟ್ ಹೊರಬರುವ ಕಡೆ ನೀರು ಒಳನುಗ್ಗದಂತೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಹೊಸದಾಗಿ ಹಾಕುವಾಗ ಹಲವರು ಒಂದು ತಪ್ಪು ಮಾಡುತ್ತಾರೆ. ಒಂದು ಹನಿ ನೀರೂ ಬರಬಾರದು ಎಂದು ಬಿಗಿಯಾಗಿ ತಿರುಗಿಸಿಬಿಡುತ್ತಾರೆ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ನಾಲ್ಕಾರು ಹನಿ ಬೀಳಲೇಬೇಕು, ಪ್ಯಾಕಿಂಗನ್ನು ತಣ್ಣಗಿಡುವುದು ಆ ನೀರೇ. ಬಿಗಿ ಹೆಚ್ಚಾದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿನ ಮೇಲೆ ಗೀರು ಬೀಳುತ್ತದೆ. ಗೀರು ಬಿದ್ದ ಶಾಫ್ಟಿಗೆ ಎಷ್ಟು ಪ್ಯಾಕಿಂಗ್ ಹಾಕಿದರೂ ಸೋರುವುದು ನಿಲ್ಲುವುದಿಲ್ಲ.

ಚುಕ್ಕಾಣಿಯ ಬಳಿ ಬೋಲ್ಟ್ ಹಾಕಿ ಕೂರಿಸಿದ ಸತುವಿನ ತುಂಡುಗಳಿರುತ್ತವೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳಿದ್ದರೆ ಅದರಲ್ಲಿ ಒಂದು ಕರಗುತ್ತದೆ. ಫ್ಯಾನು, ಶಾಫ್ಟ್ ಉಳಿಯಲಿ ಎಂದೇ ಸತುವನ್ನು ಕರಗಲು ಬಿಡುವುದು. ಅರ್ಧ ಸವೆದಿದ್ದರೆ ಹೊಸದು ಹಾಕಿ. ಪೇಂಟ್ ಮಾಡುವವರಿಗೆ ಅದರ ಮೇಲೆ ಮಾತ್ರ ಬಣ್ಣ ಬಳಿಯಬೇಡಿ ಎಂದು ಹೇಳಿ. ಬಣ್ಣ ಮುಚ್ಚಿದ ಸತು ಇದ್ದೂ ಇಲ್ಲದ ಹಾಗೆ, ಸವೆತ ಫ್ಯಾನಿಗೆ ಹೋಗುತ್ತದೆ. ಎಂಜಿನ್ನಿನ ಕೆಲಸ ಮೆಕ್ಯಾನಿಕ್ ಮಾಡುತ್ತಾರೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ನೀವೇ ಗಾಜಿನ ಲೋಟಕ್ಕೆ ಹಾಕಿ ನೋಡಿ. ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಆಯಿಲ್ ಕೂಲರಿನಲ್ಲಿ ತೂತಾಗಿ ನೀರು ಸೇರಿದೆ.

ಇನ್ನು ಬಲೆ. ಮಳೆ ಹೊಯ್ಯುತ್ತಿರುವಾಗ ಮನೆಯ ಚಾವಡಿಯಲ್ಲಿ ನಡೆಯುವ ಕೆಲಸ ಇದು, ಹಿರಿಯರ ಕೈ ಓಡುವುದೂ ಇಲ್ಲಿಯೇ. ಟ್ರಾಲ್ ಬಲೆ ಒಂದು ದೊಡ್ಡ ಚೀಲ. ಬಾಯಿಯ ಮೇಲಿನ ಹಗ್ಗಕ್ಕೆ ತೇಲುವ ಬುರುಡೆಗಳು, ಕೆಳಗಿನ ಹಗ್ಗಕ್ಕೆ ಸೀಸ ಅಥವಾ ಸರಪಳಿ, ಎರಡು ಬದಿಗೆ ರೆಕ್ಕೆ, ಹಿಂದಕ್ಕೆ ಹೋದಂತೆ ಕಿರಿದಾಗುವ ಹೊಟ್ಟೆ, ಕೊನೆಯಲ್ಲಿ ಮೀನು ನಿಲ್ಲುವ ಚೀಲ. ಬಾಯಿ ಅಗಲವಾಗಿ ತೆರೆದಿರಲು ಎರಡು ಬದಿಗೆ ಒಂದೊಂದು ಬೋರ್ಡು. ನೀರು ಬೋರ್ಡಿಗೆ ಓರೆಯಾಗಿ ಬಡಿದು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತಳ್ಳುತ್ತದೆ. ಬೋರ್ಡಿನ ಅಡಿಯ ಕಬ್ಬಿಣದ ಪಟ್ಟಿಯನ್ನು ಓದಲು ಕಲಿತವನಿಗೆ ಅರ್ಧ ಟ್ರಾಲಿಂಗ್ ಬಂದ ಹಾಗೆ. ಪಟ್ಟಿ ಉದ್ದಕ್ಕೂ ಒಂದೇ ಸಮ ಹೊಳೆಯುತ್ತಿದ್ದರೆ ಬೋರ್ಡು ನೆಲದ ಮೇಲೆ ನೇರ ನಡೆಯುತ್ತಿದೆ. ಮುಂಭಾಗ ಮಾತ್ರ ಹೊಳೆದರೆ ಮೂಗು ಕೆಸರಿಗೆ ಹೂಳುತ್ತಿದೆ. ಹಿಂಭಾಗ ಮಾತ್ರ ಹೊಳೆದರೆ ಮೂಗು ಎದ್ದು ಬಾಲ ಎಳೆಯುತ್ತಿದೆ, ಬಲೆಯ ಬಾಯಿ ಸರಿಯಾಗಿ ತೆರೆಯುತ್ತಿಲ್ಲ. ಸರಪಳಿಯ ಕೊಂಡಿ ಒಂದೆರಡು ಬಳೆ ಆಚೀಚೆ ಮಾಡಿದರೆ ಸರಿಹೋಗುವ ಈ ದೋಷವನ್ನು ಹಲವರು ಇಡೀ ಸೀಸನ್ ಎಳೆಯುತ್ತಾರೆ, ಮೀನಿಲ್ಲ ಎಂದು ಕಡಲನ್ನು ದೂರುತ್ತಾರೆ.

ಬಲೆ ಎಳೆಯುವ ಹಗ್ಗ ಸುತ್ತುವ ಯಂತ್ರ ವಿಂಚು. ಅದರ ಉಕ್ಕಿನ ಹಗ್ಗವನ್ನು ಪೂರ್ತಿ ಬಿಚ್ಚಿ ಹಾಸಿ. ಬೋರ್ಡಿನ ಕಡೆಯ ತುದಿ ಹೆಚ್ಚು ಸವೆಯುತ್ತದೆ. ಆದ್ದರಿಂದ ಒಂದು ಸೀಸನ್ ಕಳೆದ ಮೇಲೆ ಹಗ್ಗವನ್ನು ತಿರುಗಿಸಿ, ಒಳಗಿನ ತುದಿಯನ್ನು ಹೊರಗೆ ತನ್ನಿ. ಪ್ರತಿ 25 ಮಾರಿಗೆ (ಒಂದು ಮಾರು ಅಂದರೆ ಸುಮಾರು ಆರು ಅಡಿ) ಗುರುತು ಕಟ್ಟಿ. ಎರಡೂ ಹಗ್ಗವನ್ನು ಪಕ್ಕ ಪಕ್ಕ ಎಳೆದಿಟ್ಟೇ ಗುರುತು ಹಾಕಬೇಕು. ಒಂದು ಹಗ್ಗ ಎರಡು ಮಾರು ಉದ್ದವಾದರೂ ಬಲೆ ಓರೆಯಾಗಿ ನಡೆದು ಒಂದು ರೆಕ್ಕೆ ಹರಿಯುತ್ತದೆ, ಇನ್ನೊಂದು ರೆಕ್ಕೆಯಿಂದ ಮೀನು ಜಾರುತ್ತದೆ.

ಮೀನು ನಿಲ್ಲುವ ಚೀಲದ ಕಣ್ಣಿನ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ವಜ್ರಾಕಾರದ ಕಣ್ಣು ಕೈಯಲ್ಲಿ ಹಿಡಿದಾಗ ಅಗಲವಾಗಿ ಕಾಣುತ್ತದೆ. ಹಿಂದೆ ಮೀನಿನ ಭಾರ ಬಿದ್ದು ಬಲೆ ಉದ್ದಕ್ಕೆ ಎಳೆದುಕೊಂಡಾಗ ಕಣ್ಣುಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಬೆರಳುದ್ದದ ಮದ್ಮಲ್ ಮೀನಿನ ಮರಿಯೂ ಹೊರಗೆ ಹೋಗಲಾರದು. ಅದೇ ಬಲೆಯನ್ನು ಚೌಕ ಕಣ್ಣಾಗಿ ಜೋಡಿಸಿದರೆ ಭಾರ ಬಿದ್ದರೂ ತೆರೆದೇ ಇರುತ್ತದೆ. ಮೀನುಗಾರಿಕಾ ವಿಜ್ಞಾನಿಗಳು 35 ಮಿ.ಮೀ. ಚೌಕ ಕಣ್ಣು ಹಾಕಿ ಎಂದು ಹೇಳುವುದು ಇದಕ್ಕೇ. ಆಗಸ್ಟಿನಲ್ಲಿ ಈ ಬಲೆ ಹಾಕಿದ ದೋಣಿಗೆ ಮೀನಿನ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಪುಡಿಮೀನು ಕಡಿಮೆ ಸಿಗುತ್ತದೆ, ಆ ದಿನದ ಕೈದುಡ್ಡು ಕಡಿಮೆಯಾಗುವುದು ನಿಜ. ಆದರೆ ಆ ಪುಡಿಯಲ್ಲಿ ಇರುವುದು ಮೂರು ನಾಲ್ಕು ತಿಂಗಳು ಬಿಟ್ಟರೆ ಹತ್ತು ಪಟ್ಟು ಬೆಲೆ ತರುವ ಮರಿಗಳು. ದೊಡ್ಡ ಬೋಟು ಇಲ್ಲಿ ಮೀನಿಲ್ಲವಾದರೆ ರತ್ನಗಿರಿಯ ಕಡೆಗೆ ಹೋಗುತ್ತದೆ. ಮನೆಯ ದೋಣಿಗೆ ಇದೇ ಕಡಲು. ಪುಡಿಮೀನಿನ ದುಡ್ಡು ಬೇಡ ಎನ್ನುವ ಧೈರ್ಯ ಮೊದಲು ಬರಬೇಕಾದ್ದು ಸಣ್ಣ ದೋಣಿಯವರಿಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜುಲೈ ಕೊನೆಗೆ ಕಾಗದಪತ್ರ: ಲೈಸೆನ್ಸ್ ನವೀಕರಣ, ವಿಮೆ, ಡೀಸೆಲ್ ಪಾಸ್‌ಬುಕ್, ಕಲಾಸಿಗಳ ಗುರುತಿನ ಚೀಟಿ. ಲೈಫ್ ಜಾಕೆಟ್ ತಲೆಗೊಂದು. ವಯರ್‌ಲೆಸ್ಸಿನ 16ನೇ ಚಾನೆಲ್ ಕೇಳಿಸುತ್ತದೆಯೇ ನೋಡಬೇಕು. ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡು ನಂಬರನ್ನು ಚುಕ್ಕಾಣಿಯ ಮುಂದೆ ಬಣ್ಣದಲ್ಲಿ ಬರೆದಿಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ದೋಣಿ ಏಳು ಮಂದಿಯ ಜೊತೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳು ಹೇಗೆ ಕಾದವು ಎಂದು ಈ ಕರಾವಳಿಯವರಿಗೆ ಹೇಳಬೇಕಿಲ್ಲ. ದೋಣಿ ಎಲ್ಲಿದೆ ಎಂದು ತಿಳಿಸಲು ಸರ್ಕಾರ ಕೊಡುವ ಟ್ರಾನ್ಸ್‌ಪಾಂಡರನ್ನು ಆಫ್ ಮಾಡಿ ಇಟ್ಟುಕೊಳ್ಳುವವರು ಇದನ್ನು ನೆನಪಿಡಬೇಕು.

ಆಗಸ್ಟ್ 1ಕ್ಕೆ ಕಾನೂನು ಬಿಟ್ಟರೂ ಕಡಲು ಬಿಡಬೇಕು. ಹಲವು ಊರುಗಳಲ್ಲಿ ನೂಲ ಹುಣ್ಣಿಮೆಯ ಸಮುದ್ರಪೂಜೆ ಆಗಿ, ಹಾಲು ತೆಂಗಿನಕಾಯಿ ಕಡಲಿಗೆ ಒಪ್ಪಿಸಿದ ಮೇಲೆಯೇ ಪೂರ್ಣವಾಗಿ ಇಳಿಯುವುದು. ಗಂಗೊಳ್ಳಿ, ಹೊನ್ನಾವರದಂಥ ಅಳಿವೆ ಬಂದರುಗಳಲ್ಲಿ ಮಳೆಗಾಲದ ಹೂಳು ಬಾಗಿಲಲ್ಲೇ ನಿಂತಿರುತ್ತದೆ. ಭರತ ಏರುವಾಗ ಮಾತ್ರ ದಾಟಬೇಕು. ಒಳಗೆ ಬರುವಾಗ ಅಪಾಯ ಹೆಚ್ಚು. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಭಾಗ ಎತ್ತಿದರೆ ಚುಕ್ಕಾಣಿ ನೀರು ಹಿಡಿಯುವುದಿಲ್ಲ, ದೋಣಿ ಅಡ್ಡ ತಿರುಗುತ್ತದೆ. ಡೆಕ್ಕಿನ ಮೇಲೆ ಮೀನು, ಒದ್ದೆ ಬಲೆ ರಾಶಿ ಇದ್ದರೆ ಆ ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಅಳಿವೆಗೆ ಬರುವ ಮುಂಚೆಯೇ ಎಲ್ಲ ಭಾರ ಕೆಳಗಿಳಿಸಿ, ಡೆಕ್ಕಿನ ನೀರಿನ ಕಿಂಡಿಗಳನ್ನು ಬಿಡಿಸಿ, ಮೂರು ದೊಡ್ಡ ಅಲೆ ಹೋಗುವುದನ್ನು ಕಾದು, ಆಮೇಲೆ ನುಗ್ಗಬೇಕು.

ಆಗಸ್ಟಿನಿಂದ ನವೆಂಬರಿನವರೆಗಿನ ನಾಲ್ಕು ತಿಂಗಳು ವರ್ಷದ ಕಮಾಯಿ. ಕರಿಕಾಡಿ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟಲ್‌ಫಿಶ್), ಮದ್ಮಲ್, ಪಾಂಬೋಲ್ (ರಿಬ್ಬನ್ ಮೀನು). ಬಲೆ ಇಳಿಸಿದ ಮೇಲೆ ಎಷ್ಟು ಹಗ್ಗ ಬಿಡಬೇಕು ಎಂಬುದಕ್ಕೆ ಲೆಕ್ಕವಿದೆ. 20 ಮಾರು ಆಳದಲ್ಲಿ ಐದು ಪಟ್ಟು, ಅಂದರೆ 100 ಮಾರು. 60 ಮಾರು ಆಳದಲ್ಲಿ ಮೂರು ಪಟ್ಟು ಸಾಕು. ಕಡಿಮೆ ಬಿಟ್ಟರೆ ಬೋರ್ಡು ನೆಲ ಬಿಟ್ಟು ಏಳುತ್ತದೆ, ಹೆಚ್ಚು ಬಿಟ್ಟರೆ ಕೆಸರು ಅಗೆಯುತ್ತದೆ. ಬೊಂಡಾಸ್ ಹಗಲು ನೆಲದ ಹತ್ತಿರ ಇದ್ದು ರಾತ್ರಿ ಮೇಲೇರುವುದರಿಂದ ಅದಕ್ಕೆ ಹಗಲಿನ ಎಳೆತವೇ ಬೇಕು. ಬಲೆ ಕಲ್ಲಿಗೆ ಸಿಕ್ಕಿದಾಗ ಎಂಜಿನ್ ಜೋರು ಮಾಡಿ ಎಳೆಯುವುದು, ದೋಣಿಯನ್ನು ತಿರುಗಿಸಿ ಬದಿಯಿಂದ ಎಳೆಯುವುದು ಎರಡೂ ಪ್ರಾಣಕ್ಕೆ ಅಪಾಯ. ಹಗ್ಗ ದೋಣಿಯ ಬದಿಗೆ ಬಂದು ಬಿಗಿದರೆ ಒಂದು ಅಲೆ ಸಾಕು. ಎಂಜಿನ್ ನ್ಯೂಟ್ರಲ್‌ಗೆ ತಂದು, ಹಿಂದಿನಿಂದಲೇ ವಿಂಚು ಸುತ್ತುತ್ತಾ ದೋಣಿಯನ್ನು ಸಿಕ್ಕಿದ ಜಾಗದ ಮೇಲಕ್ಕೆ ತರಬೇಕು. ಬರದಿದ್ದರೆ ಜಿಪಿಎಸ್‌ನಲ್ಲಿ ಗುರುತು ಹಾಕಿ, ಬಲೆ ಕತ್ತರಿಸಿ ಬರಬೇಕು. ಬಲೆ ಮತ್ತೆ ಕಟ್ಟಬಹುದು.

ಈಗ ಡೀಸೆಲ್. ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.19 ಲೀಟರ್ ಕುಡಿಯುತ್ತದೆ. 120 ಅಶ್ವಶಕ್ತಿ ಪೂರ್ತಿ ಕೊಟ್ಟರೆ ಗಂಟೆಗೆ 23 ಲೀಟರ್. ಬಲೆ ಎಳೆಯುವಾಗ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಹೊರೆ ಎಂದುಕೊಂಡರೆ 16 ಲೀಟರ್. ಮೂರು ಗಂಟೆಯ ಒಂದು ಎಳೆತಕ್ಕೆ 48 ಲೀಟರ್. ಲೀಟರಿಗೆ 80 ರೂಪಾಯಿ ಎಂದು ಹಿಡಿದರೆ ಒಂದು ಎಳೆತ 3,840 ರೂಪಾಯಿ. ದಿನಕ್ಕೆ 20 ಗಂಟೆಯಂತೆ ಐದು ದಿನಕ್ಕೆ 1,600 ಲೀಟರ್, 1,28,000 ರೂಪಾಯಿ. ಇದರ ಮೇಲೆ ಐಸ್, ರೇಷನ್, ಏಲಂ ಕಮಿಷನ್. ಉಳಿದದ್ದರಲ್ಲಿ ಕಲಾಸಿಗಳ ಪಾಲು, ಆಮೇಲೆ ದೋಣಿಯ ಪಾಲು, ಆ ದೋಣಿಯ ಪಾಲಿನಿಂದ ಬಲೆ, ರಿಪೇರಿ, ಸಾಲದ ಕಂತು. ಪ್ರತಿ ಎಳೆತದ ಮೀನನ್ನು ಬೇರೆ ತೂಕ ಮಾಡಿ ಪುಸ್ತಕದಲ್ಲಿ ಬರೆಯುವವರಿಗೆ ಯಾವ ಎಳೆತ ತನ್ನ ಡೀಸೆಲ್ ದುಡಿಯಲಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಒಂದೇ ಜಾಗದಲ್ಲಿ ಅಂಥ ಎರಡು ಎಳೆತ ಆದರೆ ಮೂರನೆಯದು ಅಲ್ಲಿ ಬೇಡ.

ವೇಗದ ಲೆಕ್ಕವೂ ಇದರಲ್ಲೇ ಬರುತ್ತದೆ. ದೋಣಿ 7 ನಾಟ್ ಬದಲು 8 ನಾಟ್ ಓಡಿದರೆ ಗಂಟೆಗೆ ಬೇಕಾಗುವ ಡೀಸೆಲ್ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಆಗುತ್ತದೆ, ಉಳಿಯುವ ಸಮಯ ಎಂಟನೇ ಒಂದು ಭಾಗ ಮಾತ್ರ. ಏಲಂ ಹೊತ್ತಿಗೆ ಮುಟ್ಟಬೇಕಾದರೆ ಅರ್ಧ ಗಂಟೆ ಮೊದಲು ಬಲೆ ಎತ್ತಿ, ನಿಧಾನ ಬನ್ನಿ. ಜೂನ್‌ನಲ್ಲಿ ತಳ ಸರಿಯಾಗಿ ಕೆರೆದು ಬಣ್ಣ ಹಾಕಿದ್ದರ ಬೆಲೆ ಗೊತ್ತಾಗುವುದು ಈ ಪುಸ್ತಕದಲ್ಲೇ. ಚಿಪ್ಪು ಹಿಡಿದ ತಳದ ದೋಣಿಗೆ ಅದೇ ವೇಗಕ್ಕೆ ಹೆಚ್ಚು ಎಣ್ಣೆ ಬೇಕು.

ಐಸ್ ವಿಷಯದಲ್ಲಿ ಉಳಿತಾಯ ಮಾಡಹೊರಟವರು ಮೀನಿನಲ್ಲಿ ಕಳೆದುಕೊಳ್ಳುತ್ತಾರೆ. ಒಂದು ಕೆ.ಜಿ. ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಕರಗಬೇಕಾದ ಐಸ್ ಸುಮಾರು ಮೂರನೇ ಒಂದು ಕೆ.ಜಿ. ಮಾತ್ರ. ಹಾಗಾದರೆ ಮೀನಿಗೆ ಸಮ ತೂಕದ ಐಸ್ ಬೇಕು ಎನ್ನುವುದೇಕೆ? ಉಳಿದ ಐಸ್ ಕರಗುವುದು ಐಸ್ ಕೋಣೆಯ ಗೋಡೆಯಿಂದ, ಮುಚ್ಚಳದಿಂದ, ಎಂಜಿನ್ ಕಡೆಯಿಂದ ನುಗ್ಗುವ ಬಿಸಿಗೆ. ಎಂಜಿನ್ ಕೋಣೆಯ ಪಕ್ಕದ ಗೋಡೆಗೆ ಐಸ್ ದಪ್ಪ ಹಾಕಬೇಕು. ನಿರೋಧಕ ಪದರಕ್ಕೆ ನೀರು ಹೋಗಿದ್ದರೆ ಅದು ಬಿಸಿ ತಡೆಯುವುದಿಲ್ಲ, ಜೂನ್‌ನಲ್ಲಿ ಅದನ್ನೂ ನೋಡಿರಬೇಕು. ತಳಕ್ಕೆ ಅರ್ಧ ಅಡಿ ಪುಡಿ ಐಸ್, ಮೇಲೆ ಮೀನಿನ ತೆಳು ಪದರ, ಮತ್ತೆ ಐಸ್. ಮೂರು ಅಡಿಗಿಂತ ಎತ್ತರ ರಾಶಿ ಮಾಡಿದರೆ ಕೆಳಗಿನ ಮೀನು ಭಾರಕ್ಕೆ ಜಜ್ಜಿ ನೀರು ಬಿಟ್ಟು ತೂಕ ಕಳೆದುಕೊಳ್ಳುತ್ತದೆ. ನಡುವೆ ಹಲಗೆ ಹಾಕಿ. ಕರಗಿದ ನೀರು ನಿಲ್ಲದೆ ಹರಿದುಹೋಗಬೇಕು.

ಮೀನಿಗೊಂದು ಮರ್ಜಿ. ಬೊಂಡಾಸಿನ ಮೈಗೆ ಐಸ್ ನೀರು ತಾಗಿದರೆ ಬಣ್ಣ ಹೋಗಿ ಬೆಳ್ಳಗಾಗುತ್ತದೆ, ದರ ಬೀಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸುತ್ತ ಐಸ್ ಇಡಬೇಕು. ಕಪ್ಪೆ ಬೊಂಡಾಸಿನ ಮಸಿ ಬೇರೆ ಮೀನಿಗೆ ತಾಗದಂತೆ ತೊಳೆದು ಬೇರೆ ಇಡಬೇಕು. ಸಿಗಡಿ ಡೆಕ್ಕಿನ ಬಿಸಿಲಲ್ಲಿ ಅರ್ಧ ಗಂಟೆ ಬಿದ್ದರೆ ಮರುದಿನ ತಲೆಯಿಂದ ಕಪ್ಪಾಗಲು ಶುರು. ಬಂಗುಡೆ ಬಿಸಿಯಲ್ಲಿ ಕೂತರೆ ಹಿಸ್ಟಮಿನ್ ಎಂಬ ನಂಜು ಹುಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮೈ ಕೆಂಪಾಗಿ ತುರಿಕೆ ಏಳುತ್ತದೆ. ಬಲೆ ಎತ್ತಿದ ಮೇಲೆ ಮೊದಲು ಬಲೆ ಮತ್ತೆ ಇಳಿಸಿ ಆಮೇಲೆ ಮೀನು ವಿಂಗಡಿಸುವ ಅಭ್ಯಾಸ ನಮ್ಮಲ್ಲಿದೆ. ಇಳಿಸುವ ಮುನ್ನ ರಾಶಿಯ ಮೇಲೆ ಎರಡು ಬುಟ್ಟಿ ಐಸ್ ಸುರಿದು ಒದ್ದೆ ಟಾರ್ಪಾಲು ಮುಚ್ಚಲು ಎರಡು ನಿಮಿಷ ಸಾಕು. ಏಲಂ ಕಟ್ಟೆಯಲ್ಲಿ ನಿಲ್ಲುವ ಹೆಂಗಸರನ್ನು ಕೇಳಿ ನೋಡಿ. ಕಿವಿರು ಎತ್ತಿ ಕೆಂಪು ನೋಡಿದ ಕೂಡಲೇ ಕೂಗುವ ದರ ಬದಲಾಗುವುದನ್ನು ಅವರು ದಿನಾ ಕಾಣುತ್ತಾರೆ. ಬಲೆಯನ್ನು ಇನ್ನೊಂದು ಗಂಟೆ ಎಳೆದು ಗಳಿಸುವುದಕ್ಕಿಂತ ಇದರಲ್ಲಿ ಗಳಿಸುವುದು ಸಣ್ಣ ದೋಣಿಗೆ ಹೆಚ್ಚು ಅಗ್ಗ.

ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲ. 2017ರಲ್ಲಿ ಓಖಿ, 2019ರಲ್ಲಿ ಕ್ಯಾರ್ ಬಂದದ್ದು ಈ ಹೊತ್ತಿನಲ್ಲೇ. ಒಳ್ಳೆಯ ಮೀನು ಸಿಗುವ ವಾರದಲ್ಲೇ ಎಚ್ಚರಿಕೆ ಬರುವುದರಿಂದ ತಿರುಗಿ ಬರಲು ಮನಸ್ಸು ಒಪ್ಪುವುದಿಲ್ಲ. ಹತ್ತಿರದ ಯಾವ ಬಂದರಾದರೂ ಸರಿ, ಸೇರಬೇಕು.

ಡಿಸೆಂಬರಿನಿಂದ ಫೆಬ್ರವರಿಯ ತನಕ ಕಡಲು ಶಾಂತ, ಮೀನು ಚದುರಿರುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ, ಹಸಿರು ನೋಡಿ ಮೀನು ಸೇರಬಹುದಾದ ಜಾಗ ತಿಳಿಸುತ್ತದೆ. ಅದು ಬಂಗುಡೆ, ಭೂತಾಯಿಯಂಥ ಮೇಲ್ನೀರಿನ ಮೀನಿಗೆ ಹೆಚ್ಚು ಉಪಯೋಗ, ತಳದ ಟ್ರಾಲಿಗೆ ಕಡಿಮೆ. ನಮ್ಮಲ್ಲಿ ಕಾರ್ಗಿಲ್ ಎಂದು ಕರೆಯುವ ಗಟ್ಟಿ ಚರ್ಮದ ಮೀನಿನ ಹಿಂಡು ಬಲೆಗೆ ನುಗ್ಗಿದರೆ ಚೀಲ ತುಂಬಿ ಒಳ್ಳೆಯ ಮೀನು ಜಜ್ಜಿಹೋಗುತ್ತದೆ. ಅಂಥ ಜಾಗದಲ್ಲಿ ಎಳೆತ ಒಂದು ಗಂಟೆಗೆ ಇಳಿಸಬೇಕು. ಆಮೆ ಹೊರಹೋಗುವ ಸಾಧನ ಬಲೆಯಲ್ಲಿ ಇಲ್ಲ ಎಂಬ ಕಾರಣಕ್ಕೆ ಅಮೆರಿಕ 2019ರಿಂದ ಭಾರತದ ಕಡಲ ಸಿಗಡಿಯನ್ನು ಕೊಳ್ಳುತ್ತಿಲ್ಲ. ನಮ್ಮ ಸಿಗಡಿಯ ದರದ ಹಿಂದೆ ಇದೂ ಇದೆ.

ಮಾರ್ಚಿನಿಂದ ಮೇ ತನಕ ಹಲವು ದೋಣಿಗಳು ಕಟ್ಟಿ ನಿಲ್ಲುತ್ತವೆ. ಪುಸ್ತಕ ಬರೆದಿಟ್ಟವರು ಯಾವ ವಾರ ನಿಲ್ಲಿಸಬೇಕು ಎಂದು ಬಲ್ಲರು: ಮೂರು ಪ್ರಯಾಣಗಳ ಸರಾಸರಿ ಡೀಸೆಲ್, ಐಸ್, ರೇಷನ್ ಕಳೆದು ಕಲಾಸಿಗಳ ಪಾಲಿಗೂ ಸಾಲದಿದ್ದರೆ ಅಂದೇ. ಛಲಕ್ಕೆ ಮೇ ತುದಿಯವರೆಗೆ ಓಡಿಸಿದ ದೋಣಿ ಜೂನ್‌ನ ರಿಪೇರಿಯ ದುಡ್ಡನ್ನು ಡೀಸೆಲ್ ಮಾಡಿ ಸುಟ್ಟಿರುತ್ತದೆ. ನಿಷೇಧದ ತಿಂಗಳುಗಳಿಗೆ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ. ಮೀನುಗಾರ ಕಟ್ಟಿದ ಹಣಕ್ಕೆ ಕೇಂದ್ರ, ರಾಜ್ಯ ತಮ್ಮ ಪಾಲು ಸೇರಿಸಿ ಕೊಡುವ ಹಣ ಅದು. ಅಕ್ಕಿ ಬೇಳೆಗೆ ಆದೀತು, ದೋಣಿಗೆ ಆಗುವುದಿಲ್ಲ. ಆದ್ದರಿಂದ ಸೆಪ್ಟೆಂಬರಿನಿಂದಲೇ ಪ್ರತಿ ಪ್ರಯಾಣದ ದೋಣಿ ಪಾಲಿನಿಂದ ಒಂದು ಭಾಗವನ್ನು ರಿಪೇರಿಗೆಂದು ಬೇರೆ ಖಾತೆಗೆ ಹಾಕಿ. ಆ ಖಾತೆ ಲೆಕ್ಕ ಬರೆಯುವವರ ಹೆಸರಿನಲ್ಲಿರಲಿ.

ಕೊನೆಯ ಪ್ರಯಾಣದಲ್ಲಿ ಒಂದು ಕೆಲಸ ಬಾಕಿ ಇರುತ್ತದೆ. ದೋಣಿ ಇನ್ನೂ ನೀರಿನಲ್ಲಿರುವಾಗಲೇ, ಎಂಜಿನ್ ಓಡುತ್ತಿರುವಾಗಲೇ, ಒಂದು ಹಾಳೆ ಹಿಡಿದು ದೋಣಿಯ ಸುತ್ತ ಬನ್ನಿ. ಎಲ್ಲಿ ಅದುರುತ್ತಿದೆ, ಗ್ಲ್ಯಾಂಡಿನಿಂದ ನಿಮಿಷಕ್ಕೆ ಎಷ್ಟು ಹನಿ, ಒಂದು ರಾತ್ರಿಯಲ್ಲಿ ತಳದಲ್ಲಿ ಎಷ್ಟು ಬಕೆಟ್ ನೀರು, ವಿಂಚಿನ ಬ್ರೇಕ್ ಎಷ್ಟು ಜಾರುತ್ತಿದೆ, ಚುಕ್ಕಾಣಿ ಎಷ್ಟು ಸಡಿಲ. ದಡಕ್ಕೆ ಏರಿದ ದೋಣಿ ಇದ್ಯಾವುದನ್ನೂ ಹೇಳುವುದಿಲ್ಲ. ಆ ಹಾಳೆಯನ್ನು ಜೂನ್ 1ರ ಬೆಳಿಗ್ಗೆ ಬಡಗಿಯ ಕೈಗೂ ಮೆಕ್ಯಾನಿಕ್ ಕೈಗೂ ಕೊಡಿ.